ರೂಟರ್ ತೋರುವ ಅಂಕಿ: ಸಿಗ್ನಲ್‌ನ ಗುಣಮಟ್ಟ ಮತ್ತು ಸಂಪರ್ಕದ ಸ್ಥಿತಿ

(ಹೊಸದುರ್ಗ ತಾಲ್ಲೂಕು ಶ್ರೀರಾಂಪುರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



“ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಪಂಚಾಯಿತಿ ಕಚೇರಿಯ ಬಾಗಿಲಲ್ಲಿ ಒಮ್ಮೆಯಾದರೂ ಕೇಳದ ಗ್ರಾಮಸ್ಥರು ವಿರಳ. ಆ ನಾಳೆಗಾಗಿ ಮತ್ತೊಂದು ದಿನದ ಕೂಲಿಯನ್ನು ಬಿಟ್ಟು ಬರುವವರಿದ್ದಾರೆ. ಇ-ಸ್ವತ್ತು, ಪಂಚತಂತ್ರ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಎಲ್ಲವೂ ಅಂತರ್ಜಾಲವನ್ನೇ ಅವಲಂಬಿಸಿವೆ. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಸಾಮೂಹಿಕ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಬಾರಿ ಭಾವಚಿತ್ರ ಸಹಿತ ಹಾಜರಾತಿಯನ್ನು ಮೊಬೈಲ್ ಮೂಲಕವೇ ದಾಖಲಿಸುವುದು ಕಡ್ಡಾಯವಾದ ಮೇಲಂತೂ, ಸಿಗ್ನಲ್‌ನ ವಿಷಯ ಕೂಲಿಯ ವಿಷಯವೇ ಆಯಿತು.

ಆದರೆ “ನೆಟ್‌ವರ್ಕ್ ಇಲ್ಲ” ಎನ್ನುವುದು “ಮೈ ಸರಿಯಿಲ್ಲ” ಎಂದಷ್ಟೇ ಅಸ್ಪಷ್ಟವಾದ ಮಾತು. ಇಲ್ಲದಿರುವುದು ಗೋಪುರದ ಸಿಗ್ನಲ್ಲೋ, ಸಿಮ್‌ನ ಹಣವೋ, ಕೇಬಲ್ಲೋ, ದೂರದ ಸರ್ವರೋ ಎಂಬುದನ್ನು ತಿಳಿಯದೆ ಬರೆದ ದೂರಿಗೆ ಉತ್ತರವೂ ಅಷ್ಟೇ ಅಸ್ಪಷ್ಟವಾಗಿ ಬರುತ್ತದೆ.

ಮೊದಲು, ಮೊಬೈಲ್‌ನ ಮೇಲಂಚಿನಲ್ಲಿ ಕಾಣುವ ಕಡ್ಡಿಗಳನ್ನು ನಂಬುವುದನ್ನು ಸ್ವಲ್ಪ ಕಡಿಮೆ ಮಾಡಬೇಕು. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ತಯಾರಕರೂ ಪಾಲಿಸುವ ಒಂದೇ ನಿಯಮವಿಲ್ಲ. ಒಂದೇ ಕಟ್ಟೆಯ ಮೇಲೆ ಕುಳಿತ ಇಬ್ಬರ ಫೋನಿನಲ್ಲಿ ಎರಡು ಬಗೆಯ ಕಡ್ಡಿಗಳು ಕಾಣಬಹುದು. ನಿಜವಾದ ಅಳತೆ ರೂಟರಿನ ಒಳಗಿದೆ. ಸಿಮ್ ಹಾಕುವ ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯ ಮೇಲೆ 192.168.1.1 ಎಂಬಂತಹ ಒಂದು ವಿಳಾಸವಿರುತ್ತದೆ. ಆ ರೂಟರಿಗೆ ಜೋಡಿಸಿದ ಗಣಕಯಂತ್ರದಲ್ಲಿ ಅದನ್ನು ಬರೆದು, ಗುಪ್ತಪದ ಕೊಟ್ಟರೆ ‘ಸ್ಟೇಟಸ್’ ಎಂಬ ಪುಟ ತೆರೆದುಕೊಳ್ಳುತ್ತದೆ. ಓದುವುದರಿಂದ ಏನೂ ಕೆಡುವುದಿಲ್ಲ.

ಅಲ್ಲಿ ಆರ್‌ಎಸ್‌ಆರ್‌ಪಿ ಎಂಬ ಹೆಸರಿನ ಎದುರು −85 ಅಥವಾ −105 ಎಂಬಂತಹ ಋಣ ಸಂಖ್ಯೆ ಇರುತ್ತದೆ. ಗೋಪುರದಿಂದ ನಮ್ಮವರೆಗೆ ತಲುಪಿದ ಸಿಗ್ನಲ್‌ನ ಬಲ ಇದು. ಅಳತೆಯ ಮಾನ ಡಿಬಿಎಂ. ಋಣ ಚಿಹ್ನೆ ಕಂಡು ಗಾಬರಿಯಾಗಬೇಕಿಲ್ಲ. ಬಾವಿಯ ನೀರನ್ನು ನೆನೆಯಿರಿ: 85 ಅಡಿಗೆ ಸಿಗುವ ನೀರು ಒಳ್ಳೆಯದೋ, 105 ಅಡಿಗೆ ಸಿಗುವುದೋ? ಆದರೆ ಇಲ್ಲಿಯ ಲೆಕ್ಕ ಅಡಿಯ ಲೆಕ್ಕಕ್ಕಿಂತ ಬಹಳ ಕಠಿಣ. 3 ಅಂಕಿ ಇಳಿದರೆ ಬಲ ಅರ್ಧವಾಗುತ್ತದೆ. 10 ಇಳಿದರೆ ಹತ್ತರಲ್ಲೊಂದು ಪಾಲಾಗುತ್ತದೆ. −85ರಿಂದ −105ಕ್ಕೆ ಇಳಿದರೆ ಉಳಿಯುವುದು ನೂರರಲ್ಲೊಂದು ಪಾಲು ಮಾತ್ರ. ಸ್ಥೂಲವಾಗಿ ಹೇಳುವುದಾದರೆ −90ರವರೆಗೆ ಚೆನ್ನ, −105ರ ಸುಮಾರಿಗೆ ಹೇಗೋ ನಡೆಯುತ್ತದೆ, −115 ದಾಟಿದರೆ ಸಂಪರ್ಕ ಕಡಿಯುತ್ತಿರುತ್ತದೆ.

ಬಲವೊಂದೇ ಸಾಲದು. ಜಾತ್ರೆಯಲ್ಲಿ ಪಕ್ಕದವರು ಗಟ್ಟಿಯಾಗಿಯೇ ಮಾತನಾಡಿದರೂ ಕೇಳಿಸುವುದಿಲ್ಲವಷ್ಟೆ? ಆ ಗದ್ದಲಕ್ಕೆ ಹೋಲಿಸಿದ ಸಿಗ್ನಲ್‌ನ ಅಳತೆಯೇ ಎಸ್‌ಐಎನ್‌ಆರ್. ಇದು 20ರ ಮೇಲಿದ್ದರೆ ಅತ್ಯುತ್ತಮ. ಸೊನ್ನೆಗಿಂತ ಕೆಳಗಿಳಿದರೆ ನಮ್ಮ ಸಿಗ್ನಲ್‌ಗಿಂತ ಸುತ್ತಲ ಗದ್ದಲವೇ ಹೆಚ್ಚು ಎಂದರ್ಥ. ಕಡ್ಡಿಗಳೆಲ್ಲ ತುಂಬಿದ್ದರೂ ಕಡತ ಮೇಲೇರದಿರುವುದಕ್ಕೆ ಇದು ಒಂದು ಕಾರಣ. ಒಂದೇ ಗೋಪುರವನ್ನು ಬಹಳ ಮಂದಿ ಏಕಕಾಲದಲ್ಲಿ ಬಳಸುತ್ತಿರುವುದು ಇನ್ನೊಂದು. ಬೆಳಗಿನ ಜಾವ ಸರಾಗವಾಗಿ ನಡೆದು ಸಂಜೆ ನಿಲ್ಲುವುದಾದರೆ ಈ ಎರಡನೆಯದನ್ನು ಶಂಕಿಸಬೇಕು.

ನಾನು ಹಿಂದೆ ಭೇಟಿ ನೀಡಿದ ಒಂದು ಪಂಚಾಯಿತಿಯಲ್ಲಿ ರೂಟರನ್ನು ಕಳುವಾದೀತೆಂಬ ಭಯದಿಂದ ಕಬ್ಬಿಣದ ಬೀರುವಿನೊಳಗೆ ಇಟ್ಟಿದ್ದರು. ಅಂಕಿ −112 ತೋರುತ್ತಿತ್ತು. ಅದನ್ನೇ ಹೊರತೆಗೆದು ಗೋಪುರದ ದಿಕ್ಕಿನ ಕಿಟಕಿಯ ಬಳಿ ಇಟ್ಟಾಗ −97ಕ್ಕೆ ಬಂತು. ಅಂದರೆ ಸುಮಾರು ಮೂವತ್ತು ಪಟ್ಟು ಹೆಚ್ಚಿನ ಬಲ, ಒಂದು ರೂಪಾಯಿ ಖರ್ಚಿಲ್ಲದೆ. ನಮ್ಮ ಸೀಮೆಯಲ್ಲಿ ಗುಡ್ಡದ ಮರೆ ಇದೆ, ದಟ್ಟ ತೆಂಗಿನ ತೋಟಗಳಿವೆ, ತಗಡಿನ ಮಾಡುಗಳಿವೆ; ಇವೆಲ್ಲವೂ ಸಿಗ್ನಲ್ಲನ್ನು ನುಂಗುತ್ತವೆ. ಗುಡ್ಡವನ್ನು ಸರಿಸಲಾಗದು, ರೂಟರನ್ನು ಸರಿಸಬಹುದು.

ಇನ್ನು ಸಂಪರ್ಕದ ಸ್ಥಿತಿ. ಸಿಗ್ನಲ್ ಬೇರೆ, ಸಂಪರ್ಕ ಬೇರೆ. ಪುಟದಲ್ಲಿ ‘ಸರ್ಚಿಂಗ್’ ಎಂದಿದ್ದರೆ ರೂಟರ್ ಇನ್ನೂ ಗೋಪುರವನ್ನು ಹುಡುಕುತ್ತಿದೆ. ‘ರಿಜಿಸ್ಟರ್ಡ್’ ಎಂದಿದ್ದರೆ ಜಾಲವು ಸಿಮ್ಮನ್ನು ಒಪ್ಪಿಕೊಂಡಿದೆ. ‘ಕನೆಕ್ಟೆಡ್’ ಎಂದು ತೋರಿ, ಐಪಿ ವಿಳಾಸವೂ ಕಂಡರೆ ಮಾತ್ರ ದತ್ತಾಂಶದ ದಾರಿ ತೆರೆದಿದೆ. ಸಿಗ್ನಲ್ ಚೆನ್ನಾಗಿದ್ದು ಐಪಿ ವಿಳಾಸದ ಜಾಗ ಖಾಲಿಯಿದ್ದರೆ ಎಪಿಎನ್ ಹೆಸರು ತಪ್ಪಾಗಿರಬಹುದು, ಅಥವಾ ರೀಚಾರ್ಜ್ ಮುಗಿದಿರಬಹುದು. ಎರಡನೆಯ ಕಾರಣವನ್ನು ನಾವು ಸಾಮಾನ್ಯವಾಗಿ ಕೊನೆಯಲ್ಲಿ ಯೋಚಿಸುತ್ತೇವೆ. ಬಿಲ್ಲಿನ ಕಡತ ಯಾರ ಮೇಜಿನ ಮೇಲಿದೆ ಎಂಬುದನ್ನು ಮೊದಲೇ ನೋಡುವುದು ಲೇಸು. ವಿಳಾಸವೂ ಇದೆ, ಬೇರೆ ಜಾಲತಾಣಗಳು ತೆರೆಯುತ್ತಿವೆ, ಇಲಾಖೆಯ ತಂತ್ರಾಂಶ ಮಾತ್ರ ತೆರೆಯದು ಎಂದಾದರೆ ತೊಂದರೆ ಸರ್ವರಿನಲ್ಲಿದೆ. ಅದಕ್ಕಾಗಿ ಗೋಪುರದವರನ್ನು ದೂರಿ ಫಲವಿಲ್ಲ.

ಭಾರತ್‌ನೆಟ್‌ನ ಆಪ್ಟಿಕಲ್ ಕೇಬಲ್ ಇರುವ ಕಚೇರಿಗಳಲ್ಲಿ ಪೆಟ್ಟಿಗೆಯ ದೀಪಗಳೇ ಮಾತನಾಡುತ್ತವೆ. ‘ಪಾನ್’ ಎಂಬ ಹಸಿರು ದೀಪ ಸ್ಥಿರವಾಗಿದ್ದರೆ ಕೇಬಲ್ಲಿನ ಸಂಪರ್ಕ ಸರಿಯಿದೆ. ‘ಲಾಸ್’ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕು ನಮ್ಮವರೆಗೆ ಬರುತ್ತಿಲ್ಲ; ಬಹುಶಃ ಕೇಬಲ್ ಎಲ್ಲೋ ತುಂಡಾಗಿದೆ. ತುಂಡು ಮಾಡುವವರು ಯಾರು? ಹೇಳಲು ಸಂಕೋಚವಾದರೂ ಹೇಳಬೇಕು: ಎಷ್ಟೋ ಬಾರಿ ನಮ್ಮದೇ ಚರಂಡಿ ಕಾಮಗಾರಿ, ನಮ್ಮದೇ ನೀರಿನ ಪೈಪಿನ ಗುಂಡಿ, ನಾವೇ ಕರೆಸಿದ ಜೆಸಿಬಿ. ಅಗೆಯುವ ಮುನ್ನ ನೆಲದಡಿಯ ಕೇಬಲ್ಲಿನ ಒಡೆಯರಿಗೆ ತಿಳಿಸಲೆಂದೇ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆಯಾಗಿದೆ. ಗುತ್ತಿಗೆದಾರರಿಗೆ ಕಾರ್ಯಾದೇಶ ಕೊಡುವಾಗಲೇ ಅದರ ಮೂಲಕ ಮಾಹಿತಿ ನೀಡಬೇಕೆಂಬ ಷರತ್ತನ್ನು ಸೇರಿಸಲು ಸಭೆಯಲ್ಲಿ ನಿರ್ಣಯ ಮಾಡಬಹುದು.

ದೂರು ನೀಡುವಾಗ ದಿನಾಂಕ, ವೇಳೆ, ಸ್ಥಳ, ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಮತ್ತು ಸಂಪರ್ಕದ ಸ್ಥಿತಿ ಇಷ್ಟನ್ನೂ ಬರೆಯಿರಿ. ದೂರು ಸಂಖ್ಯೆಯನ್ನು ಪಡೆಯದೆ ಫೋನ್ ಇಡಬೇಡಿ. ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಸೇವಾ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕಾಗುತ್ತದೆ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂಕಿಗಳನ್ನು ಒಂದು ವಹಿಯಲ್ಲಿ ದಾಖಲಿಸಿದರೆ ನಿಮ್ಮ ಅರ್ಜಿಗೆ ಬೇರೆಯೇ ತೂಕ ಬರುತ್ತದೆ.

ಪಕ್ಕದ ಕೊಠಡಿಯಲ್ಲಿ ರೂಟರ್ ಜೋಡಿಸಿಟ್ಟಿದ್ದೇವೆ. ಐದೈದು ಮಂದಿಯಂತೆ ಬಂದು ನೀವೇ ಆ ಪುಟವನ್ನು ತೆರೆದು, ಕಂಡ ಅಂಕಿಯನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಆನಂತರ ಅದನ್ನು ಕಿಟಕಿಯ ಬಳಿಗೆ ಒಯ್ದು ಇನ್ನೊಮ್ಮೆ ನೋಡೋಣ.