ರಜೆ ಕೇಳುವುದು ಯಾರನ್ನ?



2025ರ ಅಕ್ಟೋಬರ್ 9ರಂದು ನಮ್ಮ ರಾಜ್ಯದ ಸಚಿವ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ, ಸಂಬಳ ಸಹಿತ. ನವೆಂಬರಿನಲ್ಲಿ ಆದೇಶ ಹೊರಟಿತು. 18ರಿಂದ 52 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಈ ರಜೆ ಉಂಟು, ಡಾಕ್ಟರ ಸರ್ಟಿಫಿಕೇಟು ಬೇಕಿಲ್ಲ, ಈ ತಿಂಗಳ ರಜೆಯನ್ನು ಉಳಿಸಿ ಮುಂದಿನ ತಿಂಗಳಿಗೆ ಸೇರಿಸುವಂತಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿನ ಮೆಟ್ಟಿಲು ಹತ್ತಿತು. 9ನೇ ತಾರೀಖು ಸಿಕ್ಕ ಮಧ್ಯಂತರ ತಡೆಯಾಜ್ಞೆಯನ್ನು ನ್ಯಾಯಪೀಠ ಅದೇ ದಿನ ಹಿಂಪಡೆಯಿತು.

ಆ ದಿನಗಳಲ್ಲಿ ಟಿ.ವಿ. ಚರ್ಚೆಗಳನ್ನು ನೀವೂ ನೋಡಿರುತ್ತೀರಿ. ಸುದ್ದಿಯ ಜೊತೆ ಹಾಕುತ್ತಿದ್ದ ಚಿತ್ರ ನೆನಪಿಸಿಕೊಳ್ಳಿ: ತಣ್ಣನೆಯ ಕಚೇರಿ, ಮುಂದೆ ಲ್ಯಾಪ್‌ಟಾಪು, ಹೊಟ್ಟೆ ಹಿಡಿದು ಕೂತ ಒಬ್ಬ ಯುವತಿ. ಅವಳ ನೋವು ಸುಳ್ಳಲ್ಲ. ಆದರೆ ಚರ್ಚೆಯೆಲ್ಲ ಅವಳೊಬ್ಬಳ ಸುತ್ತಲೇ ಸುತ್ತಿತು. ವರ್ಕ್ ಫ್ರಂ ಹೋಮ್ ಕೊಟ್ಟರೆ ಸಾಲದೇ, ಪ್ರಮೋಷನ್ ತಪ್ಪುತ್ತದೆಯೇ, ಸಮಾನತೆ ಕೇಳುವವರು ವಿಶೇಷ ಸೌಲಭ್ಯ ಕೇಳಬಹುದೇ ಎಂಬ ಪ್ರಶ್ನೆಗಳೇ ಬಂದವು. ಇದೇ ಆದೇಶ ಅನ್ವಯಿಸುವ ಇನ್ನೊಂದು ದೊಡ್ಡ ಗುಂಪು ಆ ಚಿತ್ರದಲ್ಲಿ ಇರಲಿಲ್ಲ. ಬೆಂಗಳೂರು, ರಾಮನಗರ, ಮಂಡ್ಯ, ದೊಡ್ಡಬಳ್ಳಾಪುರ, ಹಾಸನದ ಸುತ್ತ ಗಾರ್ಮೆಂಟ್ಸ್‌ಗೆ ಹೋಗುವ ಲಕ್ಷಗಟ್ಟಲೆ ಹೆಣ್ಣುಮಕ್ಕಳ ಗುಂಪು ಅದು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಕಡೆ ನಿಂತು.

ಮದ್ದೂರಿನ ಕಡೆಯ ಒಬ್ಬ ಟೈಲರ್ ನನಗೆ ಪರಿಚಯ. ನಲವತ್ತರ ಆಸುಪಾಸಿನವರು, ಬೆಳಿಗ್ಗೆ ವ್ಯಾನ್ ಹತ್ತಿ ಫ್ಯಾಕ್ಟರಿಗೆ ಹೋಗುತ್ತಾರೆ. ಆದೇಶದ ಸುದ್ದಿ ಬಂದ ಮೇಲೆ ಕೇಳಿದೆ, ಅನುಕೂಲ ಆಯಿತಾ ಅಂತ. ಅವರು ಹೇಳಿದ್ದು ಇಷ್ಟು: "ರಜಾ ಏನೋ ಕೊಟ್ಟವ್ರೆ ಮೇಡಂ, ಕೇಳಾದು ಯಾರ್ನ? ಆ ಸೂಪ್ರವೈಜರ್ ಹುಡುಗನ್ನ? ನನ್ ಮಗನ್ಗಿಂತ ಎರಡು ವರ್ಸ ದೊಡ್ಡೋನು. ಅವ್ನತ್ರ ಓಗಿ ನಂಗಿವತ್ತು ಡೇಟ್ ಆಗೈತೆ ಅಂತ ಏಳ್ಳಾ? ಏಳ್ದೆ ಅನ್ನಿ, ಮಾರ್ನೆ ದಿನ ಬಂದೇಟ್ಗೆ ನಿನ್ನೇದೂ ಸೇರ್ಸಿ ಒಡಿ ಅಂತಾನೆ."

ಈ ಮಾತಿನ ಒಳಗೇ ಇಡೀ ವಿಷಯ ಇದೆ. ಅದಕ್ಕೆ ಆ ಫ್ಯಾಕ್ಟರಿಯ ಲೈನ್ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಒಂದು ಷರಟನ್ನು ಯಾರೂ ಪೂರ್ತಿ ಹೊಲಿಯುವುದಿಲ್ಲ. ಕಾಲರ್ ಮಾಡುವವರು ಒಬ್ಬರು, ಅದನ್ನು ಕೂರಿಸುವವರು ಇನ್ನೊಬ್ಬರು, ಜೇಬು ಒಬ್ಬರದು, ಕಫ್ ಒಬ್ಬರದು. ಬಟ್ಟೆ ಕೈಯಿಂದ ಕೈಗೆ ಹೋಗುತ್ತಲೇ ಇರಬೇಕು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಬೋರ್ಡಿನ ಮೇಲೆ ಬರೆದಿರುತ್ತದೆ. ಮಧ್ಯದ ಒಬ್ಬಳು ಶೌಚಾಲಯಕ್ಕೆ ಎದ್ದರೆ ಅವಳ ಮಷೀನಿನ ಮುಂದೆ ಪೀಸುಗಳು ರಾಶಿ ಬೀಳುತ್ತವೆ, ಅವಳ ಮುಂದಿನವಳು ಕೈ ಕಟ್ಟಿ ಕೂರಬೇಕಾಗುತ್ತದೆ, ಬೈಗುಳ ಶುರುವಾಗುತ್ತದೆ. ಆ ಬೈಗುಳ ತಪ್ಪಿಸಿಕೊಳ್ಳಲು ಅನೇಕರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮುಟ್ಟಿನ ದಿನ ಪ್ಯಾಡ್ ಬದಲಿಸುವುದನ್ನು ಊಟದ ಬೆಲ್ ತನಕ ತಡೆದುಕೊಳ್ಳುತ್ತಾರೆ. ಒಬ್ಬಳು ಇಡೀ ದಿನ ಬಾರದಿದ್ದರೆ ಮಾಲೀಕ ಅದಕ್ಕೊಬ್ಬಳನ್ನು ಹೆಚ್ಚಿಗೆ ಇಟ್ಟುಕೊಂಡಿರುವುದಿಲ್ಲ. ಹೆಲ್ಪರ್ ಹುಡುಗಿಯನ್ನು ಮಷೀನಿಗೆ ಕೂರಿಸುತ್ತಾರೆ, ಇಲ್ಲವೇ ಪಕ್ಕದವಳಿಗೆ ಎರಡು ಕೆಲಸ ಹೇರುತ್ತಾರೆ. ಟಾರ್ಗೆಟ್ ಮಾತ್ರ ಒಂದು ಪೀಸೂ ಇಳಿಯುವುದಿಲ್ಲ. ಹೀಗಿರುವಾಗ ಒಬ್ಬ ಹೆಂಗಸಿನ ರಜೆಯ ಭಾರ ಬೀಳುವುದು ಇನ್ನೊಬ್ಬ ಹೆಂಗಸಿನ ಬೆನ್ನಿನ ಮೇಲೆ. ಸ್ನೇಹಿತೆಗೆ ತೊಂದರೆ ಆಗುತ್ತದೆ ಎಂದು ನೋವು ನುಂಗಿಕೊಂಡು ಬರುವವರನ್ನು ನಾನು ಕಂಡಿದ್ದೇನೆ.

ರಜೆಯ ಆದೇಶಕ್ಕೆ ಬೆಲೆ ಬರಬೇಕಾದರೆ ಅದರ ಬೆನ್ನಿಗೆ ಟಾರ್ಗೆಟ್ ಇಳಿಯಬೇಕು. ಟೈಲರ್ ಸಂಖ್ಯೆ ಹೆಚ್ಚಬೇಕು. ರಜೆ ಬರೆದುಕೊಳ್ಳುವವರು ಲೈನಿನ ಗಂಡಸಾಗಿರಬಾರದು. ಪ್ರತಿ 25 ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಇರಬೇಕೆಂದು ಕಾರ್ಖಾನೆ ನಿಯಮಗಳು ಹೇಳುತ್ತವೆ. ಅದು ಇದ್ದರೆ ಸಾಲದು, ಅಲ್ಲಿಗೆ ಎದ್ದು ಹೋಗುವ ಧೈರ್ಯವೂ ಸಿಗಬೇಕು.

ಜಪಾನಿನ ಉದಾಹರಣೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅಲ್ಲಿ 1920ರ ದಶಕದ ಕೊನೆಯಲ್ಲೇ ಟೋಕಿಯೋ ನಗರದ ಬಸ್ ಕಂಡಕ್ಟರ್ ಹೆಣ್ಣುಮಕ್ಕಳು ಮುಟ್ಟಿನ ರಜೆ ಕೇಳಿದ್ದರು. ದಿನವಿಡೀ ನಿಂತೇ ಇರುವ ಕೆಲಸ, ದಾರಿಯಲ್ಲಿ ಶೌಚಾಲಯವಿಲ್ಲ. 1947ರ ಕಾರ್ಮಿಕ ಕಾನೂನಿನಲ್ಲಿ ಆ ರಜೆ ಸೇರಿತು. ಇವತ್ತು ಅದನ್ನು ಬಳಸುವವರು ನೂರಕ್ಕೆ ಒಬ್ಬರೂ ಇಲ್ಲ. ಕಾನೂನು ರಜೆ ಕೊಡಬೇಕು ಅಂದಿತೇ ಹೊರತು ಸಂಬಳ ಕೊಡಬೇಕು ಅನ್ನಲಿಲ್ಲ. ಜೊತೆಗೆ, ಗಂಡಸು ಮೇಲಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಲು ಹಿಂಜರಿಕೆ. ಮದ್ದೂರಿನ ಟೈಲರ್ ಹೇಳಿದ್ದೂ ಅದನ್ನೇ. ನಮ್ಮ ಬಿಹಾರದ ಕಥೆ ಬೇರೆ. ಅಲ್ಲಿನ ಸರ್ಕಾರಿ ನೌಕರರ ಮುಷ್ಕರದ ನಂತರ 1992ರಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ ಎರಡು ದಿನದ ರಜೆ ಸಿಕ್ಕಿತು. ಒಟ್ಟಾಗಿ ಹೋರಾಡಿ ಪಡೆದದ್ದರಿಂದ ಅದನ್ನು ಒಬ್ಬೊಬ್ಬಳೇ ನಾಚಿಕೊಂಡು ಬೇಡಬೇಕಾಗಲಿಲ್ಲ. ಅದರಿಂದ ಬಿಹಾರದ ಆಡಳಿತ ಮುಳುಗಿಯೂ ಹೋಗಲಿಲ್ಲ.

ವಿರೋಧದ ಮಾತುಗಳಿಗೆ ಬರುತ್ತೇನೆ. 2023ರ ಡಿಸೆಂಬರಿನಲ್ಲಿ ಅಂದಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ ಅವರು ರಾಜ್ಯಸಭೆಯಲ್ಲಿ, ಮುಟ್ಟು ಅಂಗವೈಕಲ್ಯವಲ್ಲ, ಅದಕ್ಕೆ ಪ್ರತ್ಯೇಕ ರಜೆ ಬೇಕಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಕಡ್ಡಾಯ ರಜೆಯಿಂದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳದೇ ಹೋಗಬಹುದು ಎಂಬ ಆತಂಕ ಹೇಳಿ, ಇದು ಸರ್ಕಾರಗಳು ನಿರ್ಧರಿಸಬೇಕಾದ ನೀತಿ ಎಂದಿತು. ಸ್ತ್ರೀವಾದಿಗಳಲ್ಲೂ ಈ ಆತಂಕ ಇರುವವರಿದ್ದಾರೆ, ಅದನ್ನು ತಳ್ಳಿಹಾಕಲಾರೆ. ಹೆರಿಗೆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದಾಗಲೂ ಇದೇ ಮಾತು ಬಂತು.

ನನ್ನ ಉತ್ತರ ಇದು: ಖರ್ಚು ಯಾರು ಹೊರಬೇಕು ಎಂಬುದನ್ನು ಮೊದಲು ಬಗೆಹರಿಸಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಹೆರಿಗೆ ಭತ್ಯೆ ಕೊಡುವುದು ಮಾಲೀಕನಲ್ಲ, ಇಎಸ್‌ಐ ಎಂಬ ಕಾರ್ಮಿಕರ ವಿಮಾ ನಿಧಿ. ಮಾಲೀಕ ಸಂಬಳದ ನೂರಕ್ಕೆ 3.25, ಕೆಲಸಗಾರ 0.75 ಎಂದು ಪ್ರತಿ ತಿಂಗಳೂ ಕಟ್ಟುತ್ತಾರೆ. ಗಂಡಸು ಕೆಲಸಗಾರನ ಹೆಸರಿನಲ್ಲೂ ಅಷ್ಟೇ ಕಟ್ಟಬೇಕು. ಹಾಗಾಗಿ ಹೆಣ್ಣನ್ನು ಬಿಟ್ಟು ಗಂಡನ್ನು ತೆಗೆದುಕೊಂಡರೆ ಹೆರಿಗೆ ಭತ್ಯೆಯ ಲೆಕ್ಕದಲ್ಲಿ ಮಾಲೀಕನಿಗೆ ಉಳಿತಾಯವಿಲ್ಲ. ತಿಂಗಳ ರಜೆಯ ಸಂಬಳವನ್ನೂ ಇಂಥದೇ ಸಾಮೂಹಿಕ ನಿಧಿಯಿಂದ ಕೊಡುವ ದಾರಿ ಹುಡುಕಬಹುದು. ಇದನ್ನು ನಮ್ಮ ಚರ್ಚೆಗಳಲ್ಲಿ ನಾನು ಕೇಳಲೇ ಇಲ್ಲ. ಹೆಣ್ಣು ಕೆಲಸಕ್ಕೆ ದುಬಾರಿಯೇ ಎಂದು ಮತ್ತೆ ಮತ್ತೆ ಕೇಳುವ ಬದಲು ಒಂದು ಸಂಜೆ ಈ ಲೆಕ್ಕ ಹಾಕಿದ್ದರೆ ಉಪಕಾರವಾಗುತ್ತಿತ್ತು.

ಇನ್ನೊಂದು ವಾದ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತದೆ. ನಮ್ಮ ಹಿರಿಯರು ಬುದ್ಧಿವಂತರು, ವಿಶ್ರಾಂತಿ ಸಿಗಲೆಂದೇ ಮೂರು ದಿನ ಹೊರಗೆ ಕೂರಿಸುತ್ತಿದ್ದರು ಅಂತ. ಇದನ್ನು ನಂಬಿಕೊಂಡು ಕಳಿಸುವ ಹೆಂಗಸರೂ ಇದ್ದಾರೆ, ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ದುಡಿಯುವ ಮನೆಯಲ್ಲಿ ಹೊರಗಾದವಳಿಗೆ ಅಡುಗೆಮನೆ, ದೇವರಮನೆ ಮಾತ್ರ ನಿಷಿದ್ಧವಾಗಿತ್ತು. ಕಳೆ ಕೀಳಲು ಗದ್ದೆಗೆ ಹೋಗಬೇಕಿತ್ತು, ರಾಶಿ ಬಟ್ಟೆ ಒಗೆಯಬೇಕಿತ್ತು. ರಾತ್ರಿ ಜಗಲಿಯ ಮೂಲೆಯಲ್ಲಿ ಹಳೇ ಗೋಣಿ ಹಾಸಿಕೊಂಡು, ಎತ್ತಿ ಹಾಕಿದ್ದನ್ನು ಉಣ್ಣಬೇಕಿತ್ತು. ವಿಶ್ರಾಂತಿ ಸಿಕ್ಕಿದ್ದು ಅಡುಗೆಗೆ ಇನ್ನೊಬ್ಬ ಹೆಂಗಸಿದ್ದ, ಹೊಲದ ಕೆಲಸಕ್ಕೆ ಆಳುಗಳಿದ್ದ ಮನೆಗಳಲ್ಲಿ. ಹೊರಗಿಡುವ ಪದ್ಧತಿ ಹಳೆಯ ಮಾತೂ ಅಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸಿದ್ದರು. ಮಳೆ, ಚಳಿ. ಹಸುಗೂಸು ತೀರಿಕೊಂಡಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಿಂದ ಹೊರಗೆ ಪ್ರತ್ಯೇಕವಾಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಈ ರಾಜ್ಯದಲ್ಲಿ ಅಪರಾಧ.

ದೂರ ಇಡುವುದಕ್ಕೂ ರಜೆ ಕೊಡುವುದಕ್ಕೂ ಇರುವ ವ್ಯತ್ಯಾಸ ಒಂದೇ: ಹೋಗಬೇಕೋ ಇರಬೇಕೋ ಎಂದು ತೀರ್ಮಾನಿಸುವವಳು ಆ ಹೆಣ್ಣೇ ಆಗಿರುವುದು. ಅವಳು ಬೇಡವೆಂದರೂ ಫ್ಯಾಕ್ಟರಿಯವರು ಈ ದಿನ ಮನೆಗೆ ಹೋಗು ಅಂದರೆ ಅದೂ ಗೊಲ್ಲರಹಟ್ಟಿಯ ಗುಡಿಸಲೇ.

ರಜೆ ಕೇಳುವ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆ? ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ 2019ರಲ್ಲಿ ದೇಶದ ಪತ್ರಿಕೆಗಳಲ್ಲಿ ಬಂತು. ಗಂಡ ಹೆಂಡತಿಯನ್ನು ಒಂದೇ ಜೋಡಿಯಾಗಿ ಎಣಿಸಿ ಗುತ್ತಿಗೆದಾರ ಮುಂಗಡ ಕೊಡುತ್ತಾನೆ. ಒಂದು ದಿನ ತಪ್ಪಿದರೆ ದಂಡ ಹಿಡಿಯುತ್ತಾನೆ. ಗದ್ದೆಯಲ್ಲಿ ನೀರಿಲ್ಲ, ಮರೆಯಿಲ್ಲ. ಸೋಂಕು ಆಗಿ ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶವನ್ನೇ ತೆಗೆಸಿಬಿಡಿ ಅಂದರು. ಮೂವತ್ತು ತುಂಬುವ ಮೊದಲೇ ತೆಗೆಸಿಕೊಂಡವರಿದ್ದಾರೆ, ಮುಟ್ಟಿನ ಕಾಟವೂ ದಂಡದ ಕಾಟವೂ ಒಟ್ಟಿಗೆ ತಪ್ಪಲಿ ಅಂತ. ಸರ್ಕಾರ ನೇಮಿಸಿದ ಸಮಿತಿ ಎಂಬತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿತು, ಅವರಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದವರು ಹದಿಮೂರು ಸಾವಿರಕ್ಕೂ ಹೆಚ್ಚು. ಮರಾಠವಾಡದ ಈ ಕಬ್ಬಿನ ಗ್ಯಾಂಗುಗಳು ನಮ್ಮ ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಗಳಿಗೂ ಬರುತ್ತವೆ. ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಗಳು ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಮಾಡಿದ ದೂರು 2015ರಲ್ಲಿ ಹೊರಬಂದಿತ್ತು. ಮುಟ್ಟಿನ ರಜೆ ಎಂದರೆ ಸುಖವಾಗಿರುವವರ ಬೇಡಿಕೆ ಅನ್ನುವವರು ಈ ಎರಡು ಸುದ್ದಿಗಳನ್ನು ಪಕ್ಕದಲ್ಲಿಟ್ಟು ಮಾತಾಡಬೇಕು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ತಿಂಗಳು ತಿಂಗಳು ರಕ್ತ ಹೋಗುವ, ಮೊದಲೇ ರಕ್ತ ಕಡಿಮೆ ಇರುವ ಮೈ ಅದು.

ಗಾರ್ಮೆಂಟ್ಸ್ ಹೆಂಗಸರಿಗೆ ಕೇಳಲು ಬರುವುದಿಲ್ಲ ಎಂದು ಯಾರೂ ತಿಳಿಯಬೇಡಿ. 2016ರಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಅಂದಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೈಗೆ ಒಟ್ಟಾಗಿ ಸಿಗುವ ಮುಖ್ಯ ದುಡ್ಡು ಅದು. ಮಗಳ ಫೀಸು, ಮನೆಯ ಸಾಲ, ಬಾಣಂತನ ಎಲ್ಲಕ್ಕೂ ಅದೇ. ಏಪ್ರಿಲ್ 18ರಂದು ಮಷೀನು ಬಿಟ್ಟು ಎದ್ದು ಬಂದರು. ದೊಡ್ಡ ಸಂಘಟನೆಯೊಂದರ ಕರೆ ಇರಲಿಲ್ಲ, ವೇದಿಕೆ ಮೇಲೆ ನಾಯಕರಿರಲಿಲ್ಲ. ಹೊಸೂರು ರಸ್ತೆ ನಿಂತುಹೋಯಿತು. ಲಾಠಿ ಏಟು ಬಿತ್ತು. ಮಾರನೆಯ ದಿನ ಕೆಲವೆಡೆ ಕಲ್ಲು ತೂರಾಟವೂ ಬೆಂಕಿಯೂ ಆಯಿತು, ಅದೇ ದಿನ ಕೇಂದ್ರ ಸರ್ಕಾರ ನಿಯಮ ಹಿಂಪಡೆಯಿತು. ಎರಡೇ ದಿನ. ಅದರ ಲಾಭ ಇಡೀ ದೇಶದ ಕೆಲಸಗಾರರಿಗೆ, ಗಂಡಸರಿಗೂ ಸಿಕ್ಕಿತು. ಸುದ್ದಿ ವಾಹಿನಿಗಳು ಹೆಚ್ಚಾಗಿ ತೋರಿಸಿದ್ದು ಟ್ರಾಫಿಕ್ ಜಾಮು ಮತ್ತು ಸುಟ್ಟ ಬಸ್ಸು. ಆ ಹೆಂಗಸರು ಯಾರು, ಯಾವ ಊರಿಂದ ಬಂದವರು, ಯಾಕೆ ಅಷ್ಟು ಸಿಟ್ಟು ಎಂಬುದು ತಿಳಿಯಲು ಹುಡುಕಿ ಓದಬೇಕಿತ್ತು. ನಮ್ಮ ಕಾಲದ ಸ್ತ್ರೀವಾದದ ಚರಿತ್ರೆ ಬರೆಯುವವರು ಆ ಎರಡು ದಿನಗಳಿಗೆ ಒಂದು ಅಧ್ಯಾಯ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಮದ್ದೂರಿನ ಆ ಟೈಲರ್ ಅಂದು ಬೀದಿಗೆ ಇಳಿದವರಲ್ಲಿ ಒಬ್ಬರು. ಪಿ.ಎಫ್. ದುಡ್ಡನ್ನು ಸಾವಿರಾರು ಜನರ ಜೊತೆ ನಿಂತು ಕೇಳಬಲ್ಲವರು ರಜೆಯನ್ನು ಒಬ್ಬರೇ ಹೋಗಿ ಕೇಳಲಾರರು. ಫ್ಯಾಕ್ಟರಿಯೊಳಗೆ ಅವರಿಗೊಂದು ಯೂನಿಯನ್ ಇರಬೇಕು, ಇರಲು ಬಿಡಬೇಕು.

ಕೊನೆಯದಾಗಿ, ಈ ಆದೇಶದೊಳಗೆ ಬಾರದವರ ವಿಷಯ. ಕೂಲಿಗೆ ಹೋಗುವವರು, ಕಟ್ಟಡ ಕೆಲಸದವರು, ಬೀದಿಯಲ್ಲಿ ಹೂವು ಮಾರುವವರು ಇದರೊಳಗಿಲ್ಲ. ಮನೆಗೆಲಸದವರೂ ಇಲ್ಲ. ಈ ಸಭಾಂಗಣದಲ್ಲಿರುವ ಬಹಳಷ್ಟು ಜನರ ಮನೆಗೆ ಪಾತ್ರೆ ತೊಳೆಯಲು ಒಬ್ಬರು ಬರುತ್ತಾರೆ, ನಮ್ಮ ಮನೆಗೂ ಬರುತ್ತಾರೆ. ಅಲ್ಲಿ ಮಾಲೀಕರು ನಾವೇ. ಹೈಕೋರ್ಟಿನ ತೀರ್ಪಿಗೆ ಕಾಯಬೇಕಿಲ್ಲ, ಲೇಬರ್ ಇನ್‌ಸ್ಪೆಕ್ಟರು ಬರಬೇಕಿಲ್ಲ. ತಿಂಗಳಲ್ಲಿ ಒಂದು ದಿನ, ಸಂಬಳ ಹಿಡಿಯದೆ, ಕಾರಣ ಕೇಳದೆ, ನೀವು ಯಾವ ದಿನ ಬೇಕಾದರೂ ಬಾರದೆ ಇರಬಹುದು ಎಂದು ನಾಳೆ ಬೆಳಿಗ್ಗೆಯೇ ಅವರಿಗೆ ಹೇಳಬಹುದು. ಹೇಳುವವರು ಮನೆಯ ಹೆಂಗಸರೇ ಆಗಬೇಕೆಂದಿಲ್ಲ. ಆ ದಿನದ ಪಾತ್ರೆಗಳನ್ನು ಮನೆಯ ಗಂಡಸರು ತೊಳೆಯಲಿ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಮೊದಲು ಅವರ ಮಾತು ಕೇಳೋಣ.