ಇಂಟರ್‌ವ್ಯೂಗೆ ಮುಂಚೆ ಒಂದು ಮಾತ್ರೆ: ಎದೆ ತಣ್ಣಗಾಗುತ್ತೆ, ಉಸಿರಿನ ಕಥೆ ಏನು?

ಇವತ್ತಿನ ವಿಷಯ ಒಂದೇ ಒಂದು ಮಾತ್ರೆ, ಪ್ರೊಪ್ರನೊಲಾಲ್. ಇಂಟರ್‌ವ್ಯೂ, ವೈವಾ, ಸ್ಟೇಜು ಅಂದ್ರೆ ಕೈ ನಡುಗೋರಿಗೆ "ಒಂದು ತಗೋ, ಏನೂ ಆಗಲ್ಲ" ಅಂತ ಫ್ರೆಂಡ್ಸೇ ಕೊಡೋ ಮಾತ್ರೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಡೋಸ್ ಹೇಳಲ್ಲ. ಅದು ಮೈಯೊಳಗೆ ಏನು ಮಾಡುತ್ತೆ ಅನ್ನೋದನ್ನ ಹೇಳ್ತೀನಿ.

ನಮ್ಮ ಅಪ್ಪಣೆ ಕೇಳದೆ ಕೆಲಸ ಮಾಡೋ ನರಮಂಡಲ ಒಂದಿದೆ. ಪಠ್ಯಪುಸ್ತಕದಲ್ಲಿ ಸ್ವಾಯತ್ತ ನರಮಂಡಲ ಅಂತಾರೆ. ಎದೆಬಡಿತ, ಕರುಳು, ಬೆವರು, ಕಣ್ಣಿನ ಪಾಪೆ ಎಲ್ಲ ಅದರ ಕೈಲಿ. ಅದರಲ್ಲಿ ಮುಖ್ಯವಾಗಿ ಎರಡು ಪಾರ್ಟಿ. "ಓಡು, ಇಲ್ಲಾ ಹೊಡೆದಾಡು" ಅನ್ನೋದು ಸಿಂಪಥೆಟಿಕ್. "ಉಂಡು ಮಲಗು" ಅನ್ನೋದು ಪ್ಯಾರಾಸಿಂಪಥೆಟಿಕ್. ಕಣ್ಣಾಸ್ಪತ್ರೇಲಿ ಪಾಪೆ ದೊಡ್ಡದು ಮಾಡೋಕೆ ಡ್ರಾಪ್ಸ್ ಹಾಕಿ ಕೂರಿಸ್ತಾರಲ್ಲ, ಆಮೇಲೆ ಬೆಳಕು ಚುಚ್ಚುತ್ತೆ, ಮೊಬೈಲ್ ಅಕ್ಷರ ಮಂಜಾಗುತ್ತೆ? ಅಲ್ಲಿ ಸಾಮಾನ್ಯವಾಗಿ ಬಳಸೋ ಟ್ರೋಪಿಕಮೈಡ್ ಎರಡನೇ ಪಾರ್ಟಿಯ ಬಾಯಿ ಮುಚ್ಚಿಸಿರುತ್ತೆ. ನಮ್ಮ ಮಾತ್ರೆ ಮೊದಲನೇ ಪಾರ್ಟಿಯ ಬಾಯಿ ಮುಚ್ಚಿಸುತ್ತೆ.

ಎದುರಿಗೆ ಕೂತಿರೋದು ಮೂವರು ಎಚ್‌ಆರ್‌ಗಳು. ಮೈಗೆ ಮಾತ್ರ ಹುಲಿ ಕಂಡಂಗೆ. ಅಡ್ರಿನಾಲಿನ್ ರಕ್ತಕ್ಕೆ ಬರುತ್ತೆ. ಅದು ಬೀಗದ ಕೈ ಇದ್ದಂಗೆ. ಬೇರೆ ಬೇರೆ ಅಂಗಗಳಲ್ಲಿ ಬೇರೆ ಬೇರೆ ಬೀಗ. ಈ ಬೀಗಗಳಲ್ಲಿ ಆಲ್ಫಾ, ಬೀಟಾ ಅಂತ ಎರಡು ಜಾತಿ ಇದೆ ಅಂತ 1948ರಲ್ಲಿ ಹೇಳಿದ್ದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಅದನ್ನ ಹಿಡಿದು ಮುಂದೆ ಹೋದವರು ಸ್ಕಾಟ್‌ಲೆಂಡಿನ ಜೇಮ್ಸ್ ಬ್ಲ್ಯಾಕ್. ಅವರ ಯೋಚನೆ ನಮ್ಮಂಥ ಕಾಮರ್ಸ್‌ನೋರಿಗೆ ಥಟ್ಟಂತ ಅರ್ಥ ಆಗುತ್ತೆ. ಎದೆನೋವಿನ ರೋಗಿಯ ಹೃದಯಕ್ಕೆ ಆಕ್ಸಿಜನ್ ಸಾಲ್ತಿಲ್ಲ. ಆದಾಯ ಏರಿಸೋಕಾಗದಿದ್ರೆ ಖರ್ಚು ಇಳಿಸು. ಅಡ್ರಿನಾಲಿನ್ ಬೀಗಕ್ಕೆ ಬೀಳದಂಗೆ ಅಡ್ಡ ಏನಾದ್ರೂ ತುರುಕಿದ್ರೆ ಹೃದಯ ನಿಧಾನ ಆಗುತ್ತೆ, ಆಕ್ಸಿಜನ್ ಕಮ್ಮಿ ಸಾಕು. ಹೀಗೆ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಬಂತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್, ಇನ್ನಿಬ್ಬರ ಜೊತೆ.

ಅಂದ್ರೆ ಇದು ಹೃದಯದ ಔಷಧಿ. ಕೈನಡುಕಕ್ಕೂ ಕೆಲಸ ಮಾಡುತ್ತೆ ಅನ್ನೋದೂ ನಿಜ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜೊಂಗ್ ಸು ಒಂದು ಬೆಳ್ಳಿ, ಒಂದು ಕಂಚು ಗೆದ್ದು ಎರಡನ್ನೂ ವಾಪಸ್ ಕೊಡಬೇಕಾಯ್ತು. ಟೆಸ್ಟಲ್ಲಿ ಸಿಕ್ಕಿದ್ದು ಇದೇ ಪ್ರೊಪ್ರನೊಲಾಲ್. ಓಡೋರಿಗೆ ಇದರಿಂದ ನಷ್ಟ, ಗುರಿ ಇಡೋರಿಗೆ ಲಾಭ.

ಒಂದು ತಮಾಷೆ ಏನಂದ್ರೆ, ಅಂಗೈ ಬೆವರು ನಿಲ್ಲಲ್ಲ. ಬೆವರಿನ ಗ್ರಂಥಿಗೆ ಹೋಗೋದು ಸಿಂಪಥೆಟಿಕ್ ನರವೇ, ಆದ್ರೆ ಅಲ್ಲಿ ಸಂದೇಶ ಒಯ್ಯೋದು ಅಸಿಟೈಲ್‌ಕೋಲಿನ್. ಬೀಟಾ ಬೀಗ ಮುಚ್ಚಿದ್ರೆ ಅದಕ್ಕೇನೂ ಆಗಲ್ಲ. ಓದದೇ ಹೋದ ಉತ್ತರ ಹೊಳೆಯೋದೂ ಇಲ್ಲ ಅನ್ನಿ.

ಈಗ ಈ ಎಪಿಸೋಡ್ ಮಾಡೋಕೆ ಕಾರಣ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಅಣ್ಣಾ, ನಾಡಿದ್ದು ವೈವಾ. ರೂಮ್‌ಮೇಟ್ ಹತ್ರ ಈ ಮಾತ್ರೆ ಇದೆ. ನಂಗೆ ಚಿಕ್ಕಂದಿನಿಂದ ವೀಸಿಂಗ್ ಇದೆ, ಇನ್ಹೇಲರ್ ಇಟ್ಕೊಂಡಿದೀನಿ. ತಗೋಬಹುದಾ?" ಬೇಡಮ್ಮಾ, ಖಂಡಿತ ಬೇಡ. ಆಗಲೇ ಹಂಗೇ ಉತ್ತರ ಕಳಿಸಿದೆ.

ಯಾಕೆ ಅಂದ್ರೆ ಬೀಟಾದಲ್ಲೂ ಒಳಜಾತಿ ಇದೆ. ಬೀಟಾ ಒಂದು ಹೆಚ್ಚಾಗಿ ಹೃದಯದಲ್ಲಿ. ಬೀಟಾ ಎರಡು ಶ್ವಾಸನಾಳದ ಸ್ನಾಯುಗಳಲ್ಲಿ. ಅದು ತೆರೆದ್ರೆ ನಾಳ ಅಗಲ ಆಗುತ್ತೆ. ಆಸ್ತಮಾದೋರು ಎಳೆದುಕೊಳ್ಳೋ ಸಾಲ್ಬುಟಮಾಲ್ ಕೆಲಸ ಮಾಡೋದು ಈ ಬೀಗದ ಮೇಲೆನೇ. ಪಂಪ್ ಹೊಡ್ಕೊಂಡ ಮೇಲೆ ಕೆಲವರಿಗೆ ಕೈ ನಡುಗಿ ಎದೆ ಡವಗುಟ್ಟೋದೂ ಅದರ ಪ್ರತಾಪವೇ. ಪ್ರೊಪ್ರನೊಲಾಲ್‌ಗೆ ಒಂದು, ಎರಡು ಅನ್ನೋ ಭೇದ ಇಲ್ಲ, ಎರಡನ್ನೂ ಮುಚ್ಚುತ್ತೆ. ನಾಳ ಬಿಗಿಯುತ್ತೆ. ಆಗ ಗಾಬರಿಯಲ್ಲಿ ಇನ್ಹೇಲರ್ ತೆಗೆದ್ರೆ, ಅದು ಕೂರಬೇಕಾದ ಜಾಗದಲ್ಲಿ ಆಗಲೇ ಮಾತ್ರೆ ಕೂತಿರುತ್ತೆ. ರೋಗಾನೂ ತಂದು, ಮದ್ದನ್ನೂ ತಡೆದಂಗೆ. ರೂಮ್‌ಮೇಟ್‌ಗೆ ಒಗ್ಗಿದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ.

ಶುಗರ್‌ಗೆ ಇನ್ಸುಲಿನ್ ತಗೊಳ್ಳೋರಿಗೆ ಬೇರೆ ಅಪಾಯ. ಶುಗರ್ ತುಂಬಾ ಇಳಿದಾಗ ನಡುಕ, ಎದೆಬಡಿತ ಎಚ್ಚರಿಕೆ ಕೊಡುತ್ತೆ. ಈ ಮಾತ್ರೆ ಆ ಗಂಟೆನೇ ಮುಚ್ಚಿಡುತ್ತೆ, ಬೆವರೊಂದು ಉಳಿಯುತ್ತೆ. ಇನ್ನು ಹೃದಯಕ್ಕೆ ಅಂತ ದಿನಾ ತಗೊಳ್ತಿರೋ ಅಪ್ಪ ಅಮ್ಮಂದಿರು ಇದನ್ನ ಕೇಳಿ ನಾಳೆಯಿಂದಲೇ ಬಿಟ್ಟುಬಿಡಬಾರದು. ಥಟ್ಟಂತ ನಿಲ್ಲಿಸಿದ್ರೆ ಎದೆನೋವು ಜಾಸ್ತಿಯಾಗಿ ಹಾರ್ಟ್ ಅಟ್ಯಾಕ್‌ವರೆಗೂ ಹೋಗಬಹುದು.

ಭಯ ನಿಜವಾಗಿ ಕಾಡ್ತಿದ್ರೆ ಡಾಕ್ಟರ್ ಹತ್ರ ಹೋಗಿ, ಕೆಲವರಿಗೆ ಅವರೇ ಇದನ್ನ ಬರೀತಾರೆ. ಅವರು ಕೇಳೋ ಮುಂಚೆನೇ ವೀಸಿಂಗ್ ವಿಷಯ ಹೇಳಿ. ಹತ್ತು ವರ್ಷದ ಹಿಂದೆ ನಿಂತುಹೋಗಿದ್ರೂ ಹೇಳಿ. ಮುಂದಿನ ವಾರ ಮೂಗಿನ ಡ್ರಾಪ್ಸ್ ವಿಷಯ: ಶೀತ ಹೋದ್ರೂ ಅದನ್ನ ಬಿಡೋಕೆ ಯಾಕಾಗಲ್ಲ ಅಂತ.