ಗ್ಯಾರೇಜಿನ ಬಿಯರ್ ಪಾತ್ರೆಗೆ ಪಂಪು ಕೂರಿಸಿದ ಕಥೆ

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೀರೋ, ಎಲ್ಲರಿಗೂ ಇವತ್ತಿನ ಸಂಚಿಕೆಗೆ ಸ್ವಾಗತ. ನಾನು ಮಾತಾಡ್ತಿರೋದು ಅಮೆರಿಕದ ಮಿಚಿಗನ್ ರಾಜ್ಯದಿಂದ. ಊರು ತುಮಕೂರು ಕಡೆ, ಕೆಲಸ ಸಾಫ್ಟ್‌ವೇರು. ಶನಿವಾರದ ಹುಚ್ಚು ಮಾತ್ರ ಬೇರೆ: ಗ್ಯಾರೇಜಿನಲ್ಲಿ ಬಿಯರ್ ಮಾಡೋದು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇಲ್ಲಿ ಇದು ಕಾನೂನುಬದ್ಧ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಇಬ್ಬರು ವಯಸ್ಕರಿರೋ ಮನೆಯವರು ವರ್ಷಕ್ಕೆ 200 ಗ್ಯಾಲನ್ ತನಕ, ಅಂದ್ರೆ ಸುಮಾರು 757 ಲೀಟರ್ ಬಿಯರನ್ನ ತಮ್ಮ ಬಳಕೆಗೆ ಮಾಡಿಕೊಳ್ಳಬಹುದು. ಮಾರೋ ಹಾಗಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಹಾಗಾಗಿ ಇದನ್ನ ಕೇಳಿ ಊರಲ್ಲಿ ಪಾತ್ರೆ ಇಡೋಕೆ ಹೋಗಬೇಡಿ. ಆದ್ರೂ ಈ ಕಥೆ ನಿಮಗೆ ಯಾಕೆ ಬೇಕು ಅನ್ನೋದು ಕೊನೆಯಲ್ಲಿ ಗೊತ್ತಾಗತ್ತೆ.

ನಮ್ಮಜ್ಜಿ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡ್ತಿದ್ರು. ಮಕ್ಕಳಿಗೆ ಕುಡಿಸೋ ರಾಗಿ ಮಾಲ್ಟು. ಆ ಹಿಟ್ಟಿನ ಗಂಜಿ ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗಿರತ್ತೆ, ಸ್ವಲ್ಪ ಸಿಹಿಯಾಗೂ ಇರತ್ತೆ. ಕಾರಣ, ಮೊಳಕೆಯಲ್ಲಿ ಹುಟ್ಟೋ ಕಿಣ್ವಗಳು ಪಿಷ್ಟವನ್ನ ಒಡೆದು ಸಕ್ಕರೆ ಮಾಡ್ತವೆ. ಬಿಯರಿನ ಮೊದಲ ಹಂತವೂ ಇದೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನ ಒಡೆದು, ಬಿಸಿ ನೀರಲ್ಲಿ ಒಂದು ಗಂಟೆ ಇಡ್ತೀವಿ. ಇದಕ್ಕೆ ಮ್ಯಾಶ್ ಅಂತಾರೆ. ಅದರಿಂದ ಬರೋ ಸಿಹಿ ರಸ ವರ್ಟ್.

ಇಲ್ಲಿ ಬಿಸಿಯದ್ದೇ ಆಟ. ಒಂದು ಕಿಣ್ವ 60ರಿಂದ 65 ಡಿಗ್ರಿಯಲ್ಲಿ ಚುರುಕು, ಅದು ಕೆಲಸ ಮಾಡಿದ್ರೆ ಬಿಯರ್ ಹಗುರ. ಇನ್ನೊಂದು 70ರ ಆಸುಪಾಸಿನಲ್ಲಿ ಚುರುಕು, ಅದರದ್ದು ಮೇಲುಗೈ ಆದ್ರೆ ಬಿಯರ್ ದಪ್ಪ, ಸಿಹಿ. ಮೂರು ನಾಲ್ಕು ಡಿಗ್ರಿ ಆಚೀಚೆ ಆದ್ರೆ ರುಚಿಯೇ ಬೇರೆ.

ನನ್ನ ಮೊದಲ ಸೆಟಪ್ ತುಂಬಾ ಸರಳ. ಐಸ್ ಇಡೋ ಪ್ಲಾಸ್ಟಿಕ್ ಕೂಲರ್, ತಳದಲ್ಲಿ ತೂತಿನ ತಟ್ಟೆ, ಪಕ್ಕದಲ್ಲಿ ನಲ್ಲಿ. 5 ಕೆ.ಜಿ. ಕಾಳಿಗೆ 73 ಡಿಗ್ರಿಯ 15 ಲೀಟರ್ ನೀರು ಹಾಕಿದ್ರೆ 66ಕ್ಕೆ ನಿಲ್ತಿತ್ತು. ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಜನವರಿಯಲ್ಲಿ ಗ್ಯಾರೇಜು ಸೊನ್ನೆಗಿಂತ ಕೆಳಗೆ ಹೋದಾಗ ಒಂದೇ ರೆಸಿಪಿ, ಆದ್ರೆ ಪ್ರತಿ ಸಲ ಬೇರೆ ಬಿಯರ್. ಒಂದು ದಿನ ಥರ್ಮಾಮೀಟರ್ ಹಿಡಿದು ನಾಲ್ಕು ಜಾಗದಲ್ಲಿ ಅಳೆದೆ. ಗಂಟೆಯ ಕೊನೆಗೆ ನಡುವೆ 65, ಮೂಲೆಯಲ್ಲಿ 61. ಸೌಟು ಹಾಕಿ ತಿರುವೋಣ ಅಂದ್ರೆ ಮುಚ್ಚಳ ತೆಗೀಬೇಕು, ಇದ್ದ ಬಿಸಿಯೂ ಹೋಗತ್ತೆ.

ಇದಕ್ಕಿರೋ ದಾರಿ ಅಂದ್ರೆ ರಸವನ್ನ ಸುತ್ತಿಸೋದು. ಕೆಳಗಿನ ನಲ್ಲಿಯಿಂದ ರಸ ಎಳೆದು, ಪಂಪಿನಿಂದ ಮೇಲಕ್ಕೆ ತಂದು, ಮತ್ತೆ ಕಾಳಿನ ಮೇಲೆ ನಿಧಾನವಾಗಿ ಬಿಡೋದು. ಬಿಸಿ ಎಲ್ಲ ಕಡೆ ಸಮ ಆಗತ್ತೆ, ಕಾಳಿನ ಹಾಸೇ ಜರಡಿ ಆಗಿ ರಸ ತಿಳಿಯಾಗತ್ತೆ. ನಾನು ಖುಷಿಯಿಂದ ಪಂಪು ತಂದೆ. ತಮಾಷೆ ಏನಂದ್ರೆ, ಬರೀ ಪಂಪು ಹಾಕಿದ ಮೇಲೆ ಮ್ಯಾಶ್ ಇನ್ನೂ ಬೇಗ ಆರಿತು! ಚಳಿಯಲ್ಲಿ ಉದ್ದ ಪೈಪಿನ ತುಂಬ ಓಡಾಡಿದ್ರೆ ರಸ ಆರದೆ ಇನ್ನೇನಾಗತ್ತೆ? ಸುತ್ತಿಸೋದು ಸಮ ಮಾಡತ್ತೆ ಅಷ್ಟೆ, ಬಿಸಿ ಕೊಡಲ್ಲ.

ಹಾಗಾಗಿ ಬಿಸಿ ಸೇರಿಸಬೇಕಾಯ್ತು. ಎರಡು ದಾರಿ ಇವೆ. ಒಂದು ಹರ್ಮ್ಸ್. ಇದರಲ್ಲಿ ರಸ ಸುರುಳಿ ಪೈಪಿನೊಳಗೆ ಹೋಗತ್ತೆ, ಆ ಸುರುಳಿ ಬಿಸಿ ನೀರಿನ ಪಾತ್ರೆಯಲ್ಲಿ ಮುಳುಗಿರತ್ತೆ. ಇನ್ನೊಂದು ರಿಮ್ಸ್. ಇದರಲ್ಲಿ ಸ್ಟೀಲ್ ಕೊಳವೆಯೊಳಗೆ ಹೀಟರ್ ಕಡ್ಡಿ ಇರತ್ತೆ, ರಸ ನೇರವಾಗಿ ಅದನ್ನ ಸವರಿಕೊಂಡು ಹೋಗತ್ತೆ. ಖರ್ಚು ಕಡಿಮೆ, ಜಾಗ ಕಡಿಮೆ ಅಂತ ನಾನು ರಿಮ್ಸ್ ಆರಿಸಿದೆ. 1500 ವಾಟಿನ ಕಡ್ಡಿ, ನನ್ನ ಮ್ಯಾಶನ್ನ ಒಂದು ಡಿಗ್ರಿ ಏರಿಸೋಕೆ ಹತ್ತಿರ ಹತ್ತಿರ ಒಂದು ನಿಮಿಷ ಸಾಕು. ಬಿಸಿ ನೋಡಿಕೊಂಡು ಕರೆಂಟು ಕೊಟ್ಟು ತೆಗೆಯೋಕೆ ಪಿಐಡಿ ಕಂಟ್ರೋಲರ್.

ಮೊದಲ ತಪ್ಪು ಸೆನ್ಸರಿನದ್ದು. ಅದನ್ನ ಕೂಲರಿನ ನಡುಮಧ್ಯೆ ಚುಚ್ಚಿದ್ದೆ. ಅಲ್ಲಿಗೆ ಬಿಸಿ ತಲುಪೋಕೆ ಹೊತ್ತು ಬೇಕು, ಅಷ್ಟರಲ್ಲಿ ಕೊಳವೆಯಿಂದ ಹೊರಬರೋ ರಸ 80 ದಾಟಿರ್ತಿತ್ತು. ಆ ಬಿಸಿಗೆ ಕಿಣ್ವಗಳೇ ಸತ್ತು ಹೋಗ್ತವೆ. ಸೆನ್ಸರನ್ನ ಕೊಳವೆಯ ಬಾಯಿಗೆ, ರಸ ಹೊರಬರೋ ಕಡೆಗೆ ಹಾಕಿದ ಮೇಲೆ ಸರಿಹೋಯ್ತು. ಒಂದು ಪೈಸೆ ಖರ್ಚಿಲ್ಲದ ಅಪ್‌ಗ್ರೇಡ್, ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂದದ್ದೂ ಅದೇ.

ಎರಡನೇ ತಪ್ಪನ್ನ ಹೇಳೋಕೆ ಸ್ವಲ್ಪ ಮುಜುಗರ ಆಗತ್ತೆ. ಆವತ್ತು ಕಾಳು ಜಾಸ್ತಿ ನುಣ್ಣಗೆ ಒಡೆದಿದ್ದೆ. ಸಾಲದು ಅಂತ ಪಂಪನ್ನ ಪೂರ್ತಿ ತೆರೆದು ಬಿಟ್ಟೆ. ಪಂಪು ಎಳೆದ ರಭಸಕ್ಕೆ ಕಾಳಿನ ಹಾಸು ತಟ್ಟೆಗೆ ಅಂಟಿ ಗಟ್ಟಿಯಾಯ್ತು, ರಸ ಇಳಿಯೋದು ನಿಂತಿತು. ಆದ್ರೆ ಹೀಟರ್ ಉರೀತಾನೇ ಇತ್ತು. ಆಲೆಮನೆ ನೋಡಿದವರಿಗೆ ಗೊತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತಿರುವೋದು ನಿಲ್ಲಿಸಿದ್ರೆ ಏನಾಗತ್ತೆ ಅಂತ. ಹಾಗೇ ತಳ ಹಿಡೀತು. ಸುಟ್ಟ ವಾಸನೆ ಬಂದಾಗ ಗಾಬರಿಯಲ್ಲಿ ಪೈಪು ಕಿತ್ತೆ. ಬಿಸಿ ರಸ ಚಿಮ್ಮಿ, ಪಕ್ಕದಲ್ಲೇ ಮುಚ್ಚಳ ಇಲ್ಲದೆ ಇಟ್ಟಿದ್ದ ಕಂಟ್ರೋಲರ್ ಡಬ್ಬಿಯ ಮೇಲೆ ಬಿತ್ತು. ನಾನು ಸ್ಟೀಲ್ ಕೊಳವೆ ಹಿಡಿದೆ. ಕೈ ಮೊಣಕೈ ತನಕ ಜುಮ್ ಅಂತು. ಕೊಳವೆಗೆ ಅರ್ಥಿಂಗ್ ಇರಲಿಲ್ಲ. ನಾನು ಹಿಂದಕ್ಕೆ ಹಾರಿ ಪ್ಲಗ್ ಕಿತ್ತೆ.

ತಿರುಗಿ ನೋಡಿದ್ರೆ ಬಾಗಿಲಲ್ಲಿ ಆರು ವರ್ಷದ ಮಗಳು. ಒದ್ದೆ ನೆಲ, ಬರಿಗಾಲು. "ಅಪ್ಪಾ, ಏನಾಯ್ತು? ನಾನು ಬರ್ಲಾ?" ಅಂದ್ಲು. "ಅಲ್ಲೇ ನಿಲ್ಲು ಪುಟ್ಟೀ" ಅಂದೆ. ಅವಳು ನಾಲ್ಕು ಹೆಜ್ಜೆ ಮುಂಚೆ ಬಂದಿದ್ರೆ? ಆ ಪ್ರಶ್ನೆ ಆವತ್ತು ರಾತ್ರಿ ನಿದ್ದೆ ಮಾಡೋಕೆ ಬಿಡಲಿಲ್ಲ. 19 ಲೀಟರ್ ಚೆಲ್ಲಿದ್ದರ ಬಗ್ಗೆ ಯೋಚನೆಯೇ ಬರಲಿಲ್ಲ.

ಅದಕ್ಕೂ ಹಿಂದಿನ ವಾರ ನಾನು ಬಣ್ಣದ ಟಚ್‌ಸ್ಕ್ರೀನ್ ಕೊಂಡಿದ್ದೆ, ಫೋನಿನಲ್ಲಿ ಗ್ರಾಫ್ ನೋಡೋಕೆ. ಅದರ ಅರ್ಧ ದುಡ್ಡಿಗಿಂತ ಕಡಿಮೆಗೆ ಜಿಎಫ್‌ಸಿಐ ಸಾಕೆಟ್ ಬರ್ತಿತ್ತು. ಹೋಗೋ ಕರೆಂಟು, ವಾಪಸ್ ಬರೋ ಕರೆಂಟು ಎರಡನ್ನೂ ಅದು ಹೋಲಿಸ್ತಾನೇ ಇರತ್ತೆ. ಸುಮಾರು 5 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೂ ಸಾಕು, ಕಣ್ಣು ಮಿಟುಕಿಸೋದರೊಳಗೆ ಕಡಿದು ಹಾಕತ್ತೆ. ಯಾಕಂದ್ರೆ ಆ ವ್ಯತ್ಯಾಸ ಯಾರದೋ ಮೈ ಮೂಲಕ ಹರೀತಿರಬಹುದು.

ಎರಡು ತಿಂಗಳು ಬಿಯರ್ ನಿಲ್ಲಿಸಿ ಎಲ್ಲ ಬಿಚ್ಚಿ ಕಟ್ಟಿದೆ. ಮೊದಲು ಜಿಎಫ್‌ಸಿಐ. ಆಮೇಲೆ ಲೋಹದ ಪ್ರತಿಯೊಂದು ಭಾಗಕ್ಕೂ ಅರ್ಥಿಂಗ್. ಕಂಟ್ರೋಲರ್ ಮುಚ್ಚಿದ ಡಬ್ಬಿಯೊಳಗೆ, ಗೋಡೆ ಮೇಲೆ, ಪಾತ್ರೆಗಳಿಗಿಂತ ಎತ್ತರದಲ್ಲಿ. ರಸ ಹರೀತಿದ್ರೆ ಮಾತ್ರ ಹೀಟರಿಗೆ ಕರೆಂಟು ಬಿಡೋ ಫ್ಲೋ ಸ್ವಿಚ್. ಹೀಟರನ್ನ ಆನ್ ಆಫ್ ಮಾಡೋ ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗೇ ಉಳಿಯತ್ತೆ, ಅದಕ್ಕೇ ಪೂರ್ತಿ ಕಡಿಯೋಕೆ ಕೈಗೆ ಸಿಗೋ ಹಾಗೆ ಇನ್ನೊಂದು ದೊಡ್ಡ ಸ್ವಿಚ್.

ರಸ ಕಟ್ಟಿಕೊಳ್ಳದ ಹಾಗೆ ಮಾಡೋಕೆ ಕಾಳನ್ನ ಸ್ವಲ್ಪ ದಪ್ಪಗೆ ಒಡೀತೀನಿ, ಒಂದು ಹಿಡಿ ಎರಡು ಹಿಡಿ ಭತ್ತದ ಹೊಟ್ಟು ಸೇರಿಸ್ತೀನಿ. ಪಂಪಿನ ವೇಗ ಕಡಿಮೆ ಮಾಡೋ ನಲ್ಲಿ ಯಾವತ್ತೂ ಪಂಪಿನ ಹೊರಬಾಯಿಗೆ ಇರಬೇಕು, ಒಳಬಾಯಿಗೆ ಹಾಕಿದ್ರೆ ಪಂಪು ಒಣಗಿ ಒದ್ದಾಡತ್ತೆ. ಪಂಪು ಪಾತ್ರೆಗಿಂತ ಕೆಳಗಿರಬೇಕು, ಯಾಕಂದ್ರೆ ನಾವು ಬಳಸೋ ಮ್ಯಾಗ್ನೆಟಿಕ್ ಪಂಪುಗಳು ತಾವಾಗಿ ರಸ ಎಳೆದುಕೊಳ್ಳಲ್ಲ.

ಕಾನೂನು ಒಪ್ಪೋ ದೇಶದಲ್ಲಿದ್ದು, ಹೊಸದಾಗಿ ಶುರು ಮಾಡೋರು ಕೇಳಿದ್ರೆ ನಾನು ಹರ್ಮ್ಸ್ ಅಂತೀನಿ. ನಿಧಾನ, ಆದ್ರೆ ಕ್ಷಮಿಸೋ ಗುಣ ಜಾಸ್ತಿ. ಸುತ್ತಲೂ ಇರೋದು ನೀರು, ಅದೂ ರಸಕ್ಕಿಂತ ಸ್ವಲ್ಪವೇ ಹೆಚ್ಚು ಬಿಸಿ. ಹರಿವು ನಿಂತ್ರೂ ತಳ ಹಿಡಿಯಲ್ಲ. ಇನ್ನು ಯಾವುದನ್ನ ಅಪ್‌ಗ್ರೇಡ್ ಮಾಡೋಕೂ ಮೊದಲು ಅಳೆಯಿರಿ. ಅಳತೆ ಯಾವ ತೊಂದರೆ ತೋರಿಸತ್ತೋ ಅದನ್ನೇ ಸರಿ ಮಾಡಿ. ಸುರಕ್ಷತೆ ಮೊದಲು, ಥರ್ಮಾಮೀಟರ್ ಆಮೇಲೆ, ಪಂಪು, ಹೀಟರ್ ಅದಾದ ಮೇಲೆ. ಟಚ್‌ಸ್ಕ್ರೀನ್ ಕಟ್ಟಕಡೆಗೆ.

ಊರಲ್ಲಿ ಕೇಳ್ತಿರೋರಿಗೂ ಒಂದು ಕೆಲಸ ಇದೆ. ನಿಮ್ಮನೆ ಗೀಸರು, ವಾಷಿಂಗ್ ಮಷೀನು, ಸಂಪಿನ ಮೋಟರು, ಎಲ್ಲ ಕಡೆ ನೀರು, ಕರೆಂಟು ಜೊತೆಜೊತೆಗೇ ಇರೋದು. ಮೀಟರ್ ಬೋರ್ಡ್ ಹತ್ರ ಆರ್‌ಸಿಸಿಬಿ ಇದೆಯಾ ನೋಡಿ, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರಿಂದು ಹಾಕ್ತಾರೆ. ಅದರ ಮೇಲೆ ಟಿ ಅಂತ ಒಂದು ಬಟನ್ ಇರತ್ತೆ. ಒತ್ತಿ. ಕರೆಂಟು ಹೋಗಬೇಕು. ಹೋಗಲಿಲ್ಲ ಅಂದ್ರೆ ಇವತ್ತೇ ಎಲೆಕ್ಟ್ರಿಷಿಯನ್ನ ಕರೆಸಿ.

ನಮ್ಮನೇಲಿ ಆ ಟೆಸ್ಟ್ ಬಟನ್ ಒತ್ತೋ ಕೆಲಸ ಈಗ ಮಗಳದು. ಚಪ್ಪಲಿ ಹಾಕಿಕೊಂಡು ಬಂದು, ಒತ್ತಿ, ಟಕ್ ಅಂತ ದೀಪ ಆರಿದ ಮೇಲೆ "ಓಕೆ ಅಪ್ಪಾ" ಅಂತಾಳೆ. ಅದಾದ ಮೇಲೇ ನಾನು ಕಾಳಿಗೆ ನೀರು ಹಾಕೋದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.